ಯಾವ ಸಂಖ್ಯೆ ದೊಡ್ಡದು? ಬ್ಲಾಕ್ ಜೋಡಿಸಿ ನೋಡಲಿ

39 ದೊಡ್ಡದೋ, 41 ದೊಡ್ಡದೋ? ಕೆಲವು ಮಕ್ಕಳು 39 ಎನ್ನುತ್ತಾರೆ. ಅದರಲ್ಲಿ 9 ಇದೆ ಅಲ್ವಾ! ಅವರು ಅಂಕಿಯನ್ನು ನೋಡಿದ್ದಾರೆ, ಅದರ ಸ್ಥಾನವನ್ನು ನೋಡಿಲ್ಲ. ಸುಮ್ನೆ ಬಾಯಿಮಾತಿನಲ್ಲಿ ತಿದ್ದುವ ಬದಲು ಸ್ಥಾನಬೆಲೆಯ ಬ್ಲಾಕ್‌ಗಳನ್ನು ಅವರ ಕೈಗೆ ಕೊಡಿ.

ಚಿಕ್ಕ ಘನ ಅಂದರೆ ಒಂದು ಬಿಡಿ. ಹತ್ತು ಬಿಡಿಗಳಷ್ಟು ಉದ್ದದ್ದು ಹತ್ತರ ಕಡ್ಡಿ. ಹತ್ತು ಕಡ್ಡಿ ಸೇರಿದರೆ ನೂರರ ಹಲಗೆ. ಕಡ್ಡಿಯ ಪಕ್ಕ ಬಿಡಿಗಳನ್ನು ಇಟ್ಟು ಮಗುವೇ ಎಣಿಸಿ ನೋಡಲಿ.

ಈಗ ಎರಡೂ ಸಂಖ್ಯೆಗಳನ್ನು ಜೋಡಿಸಲು ಹೇಳಿ. 39ಕ್ಕೆ 3 ಕಡ್ಡಿ, 9 ಬಿಡಿ. 41ಕ್ಕೆ 4 ಕಡ್ಡಿ, 1 ಬಿಡಿ. ಇಲ್ಲಿ ಸ್ವಲ್ಪ ಹುಷಾರು. ಮೊದಲನೆಯದರಲ್ಲಿ ಒಟ್ಟು 12 ಬ್ಲಾಕ್, ಎರಡನೆಯದರಲ್ಲಿ ಬರೀ 5. ಬ್ಲಾಕ್ ಎಣಿಸುವ ಮಗುವಿಗೆ 39 ಜಾಸ್ತಿ ಎಂದೇ ಕಾಣುತ್ತದೆ. ತಪ್ಪು ಎನ್ನಲು ಹೋಗಬೇಡಿ. ಎರಡೂ ಕಡೆಯಿಂದ ಮೂರು ಮೂರು ಕಡ್ಡಿ ತೆಗೆದಿಡಲು ಹೇಳಿ. ಒಂದು ಕಡೆ 9 ಬಿಡಿ ಉಳಿಯುತ್ತದೆ. ಇನ್ನೊಂದು ಕಡೆ ಒಂದು ಕಡ್ಡಿ, ಒಂದು ಬಿಡಿ. ಆ ಒಂಬತ್ತನ್ನು ಕಡ್ಡಿಯ ಪಕ್ಕ ಸಾಲಾಗಿ ಇಟ್ಟರೆ ಸಾಲು ಕಡ್ಡಿಯ ತುದಿ ಮುಟ್ಟುವುದಿಲ್ಲ. ಬಿಡಿ ಸ್ಥಾನದಲ್ಲಿ 9ಕ್ಕಿಂತ ದೊಡ್ಡ ಅಂಕಿ ಬರುವುದೂ ಇಲ್ಲ. ಹಾಗಾಗಿ ಒಂದು ಹತ್ತು ಜಾಸ್ತಿ ಇದ್ದರೆ ಸಾಕು, ಆ ಸಂಖ್ಯೆಯೇ ದೊಡ್ಡದು. ದೊಡ್ಡ ಸ್ಥಾನದಿಂದ ಹೋಲಿಸಬೇಕು ಎನ್ನುವುದಕ್ಕೆ ಕಾರಣ ಇದೇ. ಈ ಹೆಜ್ಜೆಯಲ್ಲಿ ಅವಸರ ಖಂಡಿತ ಬೇಡ. ಕಾರಣ ಕಂಡ ಮಗುವಿಗೆ ನಿಯಮ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮುಂದೆ 305 ಮತ್ತು 350. ಎರಡರಲ್ಲೂ 8 ಬ್ಲಾಕ್, ನೂರರ ಹಲಗೆಗಳೂ ಸಮ! ಹಾಗಾದರೆ ಹತ್ತರ ಸ್ಥಾನಕ್ಕೆ ಬನ್ನಿ. ಒಂದರಲ್ಲಿ ಕಡ್ಡಿಯೇ ಇಲ್ಲ, ಇನ್ನೊಂದರಲ್ಲಿ ಐದಿವೆ. ಅಲ್ಲಿಗೆ ಉತ್ತರ ಸಿಕ್ಕಿತು, ಬಿಡಿಗಳನ್ನು ನೋಡುವ ಅಗತ್ಯವೇ ಇಲ್ಲ. 99 ಮತ್ತು 102 ಕೂಡ ಕೊಡಿ. ಎಡಗಡೆಯ ಅಂಕಿ ನೋಡಿ ಅವಸರಪಡುವ ಮಕ್ಕಳಿಗೆ ಅದು ಬೇಕೇ ಬೇಕು.

ಚಿಹ್ನೆಯನ್ನು ಕೊನೆಗೆ ಕಲಿಸಿದರೆ ಸಾಕು. "41, 39ಕ್ಕಿಂತ ದೊಡ್ಡದು" ಎಂದು ಬಾಯಲ್ಲಿ ಹೇಳಿದ ಮೇಲೆ 41 > 39 ಎಂದು ಬರೆಸಿ.

ಅರ್ಥವಾಗಿದೆಯೇ ಎಂದು ತಿಳಿಯಲು ಬ್ಲಾಕ್ ಎತ್ತಿಟ್ಟು ಹಾಳೆಯಲ್ಲಿ 46 ಮತ್ತು 39 ಬರೆಯಿರಿ. ಮಗು ನೋಡುವ ಮೊದಲೇ 6ರ ಮೇಲೆ ಬೆರಳಿಟ್ಟು, ಯಾವುದು ದೊಡ್ಡದು ಎಂದು ಕೇಳಿ. ಬೆರಳು ತೆಗೆಯದೆಯೇ ಮಗು ಉತ್ತರ ಹೇಳಬೇಕು. ಆಮೇಲೆ 39ರ ಬದಲು 43 ಬರೆದು ಅದನ್ನೇ ಕೇಳಿ. ಈ ಸಲ "ಬೆರಳು ತೆಗೀರಿ, ಇಲ್ಲದಿದ್ದರೆ ಹೇಳಕ್ಕಾಗಲ್ಲ" ಎಂದರೆ ಮಗು ನಾಲ್ಕಂಕಿಯ ಸಂಖ್ಯೆಗಳಿಗೂ ತಯಾರಾಗಿದೆ.