ಯೊಕೊಹಾಮಾದಲ್ಲಿ ನಾನು ಮೀನು ಕಲಿತದ್ದು

ಹಾಸನದ ಕಡೆಯ ನಮಗೆ ಮೀನು ಅಂದರೆ ಕೆರೆ ಮೀನು. ಕಾಟ್ಲ, ರೋಹು, ಜಿಲೇಬಿ. ಮಣ್ಣು ವಾಸನೆ ಹೋಗಲಿ ಅಂತ ಅಮ್ಮ ಹುಣಸೆಹುಳಿ ಜಾಸ್ತಿ ಬಿಟ್ಟು, ಖಾರವಾಗಿ ಸಾರು ಮಾಡುತ್ತಿದ್ದರು. ನನಗೆ ಇಷ್ಟವಾಗುತ್ತಿದ್ದದ್ದು ಸಾರು, ಮೀನಲ್ಲ. ಜಪಾನಿಗೆ ಬಂದ ಮೇಲೆ ಮನೆ ಹತ್ತಿರದ ಮೀನಂಗಡಿ ಹೊಕ್ಕರೆ ವಾಸನೆಯೇ ಇಲ್ಲ!

ಆಮೇಲೆ ಓದಿ ತಿಳಿದುಕೊಂಡೆ. ಕೆರೆ ಮೀನಿನ ಮಣ್ಣು ವಾಸನೆಗೆ ಕಾರಣ ಜಿಯೋಸ್ಮಿನ್. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಬರುವ ಅದು, ಮೀನು ಬದುಕಿದ್ದಾಗಲೇ ಮೈ ಸೇರಿರುತ್ತದೆ. ಕಡಲ ಮೀನಿನ ಕಥೆ ಬೇರೆ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿರುವ ಒಂದು ಅಂಶವನ್ನು ಟ್ರೈಮಿಥೈಲಮೈನ್ ಆಗಿ ಮಾಡುತ್ತವೆ. ಮೂಗು ಮುಚ್ಚುವಂತೆ ಮಾಡುವುದು ಅದೇ. ಹುಳಿ ಎರಡನ್ನೂ ತಗ್ಗಿಸುತ್ತದೆ. ಆದರೆ ತಾಜಾ ಕಡಲ ಮೀನಿನಲ್ಲಿ ತಗ್ಗಿಸುವುದಕ್ಕೇ ಏನೂ ಇರುವುದಿಲ್ಲ. ಇದು ತಿಳಿದ ಮೇಲೆ ನನ್ನ ಅಡುಗೆಯೇ ಬದಲಾಯಿತು.

ಶುರು ಮಾಡಿದ್ದು ಸಾಬಾದಿಂದ. ನಮ್ಮ ಬಂಗುಡೆಯ ಕುಟುಂಬದ್ದೇ ಮೀನು, ಗಾತ್ರ ದೊಡ್ಡದು, ಕೊಬ್ಬು ಹೆಚ್ಚು. 200 ಗ್ರಾಂ ತುಂಡಿಗೆ ಸುಮಾರು 4 ಗ್ರಾಂ ಉಪ್ಪು ಸವರಿ 20 ನಿಮಿಷ ಬಿಡುತ್ತೇನೆ. ಮೈಮೇಲೆ ನೀರು ಹನಿಹನಿಯಾಗಿ ಬೆವರಿನಂತೆ ಏಳುತ್ತದೆ. ಅದನ್ನು ಪೇಪರಿನಲ್ಲಿ ಒತ್ತಿ ತೆಗೆಯಲೇಬೇಕು, ಉಳಿದ ವಾಸನೆ ಇರುವುದು ಆ ನೀರಿನಲ್ಲೇ. ಇಲ್ಲಿಯ ಗ್ಯಾಸ್ ಒಲೆಗಳಲ್ಲಿ ಮೀನು ಸುಡುವುದಕ್ಕೆಂದೇ ಒಂದು ಡ್ರಾಯರ್ ಇರುತ್ತದೆ. ಅದರಲ್ಲಿಟ್ಟು ಚರ್ಮ ಉಬ್ಬಿ ಕಪ್ಪಾಗುವವರೆಗೆ ಸುಟ್ಟು, ತುರಿದ ಮೂಲಂಗಿ ಜೊತೆ ಅನ್ನಕ್ಕೆ ನೆಂಚಿಕೊಂಡರೆ ಸಾಕು. ಫೋನಿನಲ್ಲಿ ಹೇಳಿದಾಗ ಅಮ್ಮ, "ಬರೀ ಉಪ್ಪಾ? ಹೆಂಗ್ ತಿಂತೀಯ ಮಗಾ?" ಅಂದರು. ಕೊಬ್ಬಿದ ಸಾಬಾಗೆ ನಿಜಕ್ಕೂ ಅಷ್ಟೇ ಬೇಕು.

ಅತ್ತೆಯ ವಯಸ್ಸಿನ ಅಂಗಡಿಯಾಕೆ ನನಗೆ ಇವಾಶಿ ಬಿಡಿಸುವುದನ್ನು ಕಲಿಸಿದರು. ಇವಾಶಿ ಅಂದರೆ ನಮ್ಮ ಬೂತಾಯಿಯ ಬಳಗ. ಮಾಂಸ ಎಷ್ಟು ಮೆತ್ತಗೆಂದರೆ ಚಾಕು ಬೇಡ. ತಲೆ, ಕರುಳು ತೆಗೆದು ತೊಳೆದ ಮೇಲೆ ಹೊಟ್ಟೆಯ ಕಡೆಯಿಂದ ಹೆಬ್ಬೆರಳು ತೂರಿಸಿ, ಬೆನ್ನುಮೂಳೆಗೆ ತಾಗಿಸಿಕೊಂಡೇ ಬಾಲದ ತನಕ ಜಾರಿಸಬೇಕು. ಟಕಟಕ ಅಂತ ಸಣ್ಣ ಮುಳ್ಳುಗಳು ಬಿಡುವುದು ಬೆರಳಿಗೇ ಗೊತ್ತಾಗುತ್ತದೆ. ಬಾಲದ ಹತ್ತಿರ ಮೂಳೆ ಮುರಿದು ಎಳೆದರೆ ಮುಳ್ಳಿನ ಸಾಲು ಪೂರ್ತಿ ಎದ್ದು ಬರುತ್ತದೆ.

ಹಸಿ ಮೀನಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸಾಶಿಮಿಗೆಂದು ಚೀಟಿ ಇಲ್ಲದ್ದನ್ನು ಹಸಿಯಾಗಿ ತಿನ್ನುವುದಿಲ್ಲ. ಸಾಬಾದಲ್ಲಿ ಅನಿಸಾಕಿಸ್ ಹುಳು ಇರಬಹುದು, ವಿನೆಗರ್‌ನಲ್ಲಿ ನೆನೆಸಿದರೆ ಸಾಯದು. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಹೆಪ್ಪುಗಟ್ಟಿಸಬೇಕು, ಇಲ್ಲವೇ ಚೆನ್ನಾಗಿ ಬೇಯಿಸಬೇಕು. ಇನ್ನೊಂದು ಮಾತು: ಬಂಗುಡೆ ಜಾತಿಯ ಮೀನು ಬೆಚ್ಚಗಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಕೊಂಡ ಮೀನು ಐಸ್ ಜೊತೆಯಲ್ಲೇ ಮನೆಗೆ ಬರುತ್ತದೆ.

ಜೂನ್ ಬಂದರೆ ನನಗೆ ಹಬ್ಬ. ಆಗ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಇಲ್ಲಿ ಮಳೆಗಾಲದ ಇವಾಶಿ ಕೊಬ್ಬಿ ನಿಂತಿರುತ್ತದೆ. ಅದೇ ಹೊತ್ತಿಗೆ ತರಕಾರಿ ಅಂಗಡಿಗೆ ಹಸಿರು ಸಾನ್ಶೋ ಕಾಳು ಬರುತ್ತದೆ. ಅದೂ ನಮ್ಮ ಜುಮ್ಮನಕಾಯಿಯೂ ಒಂದೇ ಸಸ್ಯಕುಲದವು, ನಾಲಿಗೆ ಜುಮ್ಮೆನ್ನಿಸುವುದೂ ಒಂದೇ ರೀತಿ. ಕುಂದಾಪುರದ ಗೆಳತಿ ಹೇಳಿಕೊಟ್ಟಂತೆ ಕಾಯಿತುರಿ, ಬ್ಯಾಡಗಿ ಮೆಣಸು, ಸ್ವಲ್ಪವೇ ಹುಣಸೆಹಣ್ಣು ನುಣ್ಣಗೆ ಅರೆದು ಕುದಿಸುತ್ತೇನೆ. ಶುಂಠಿ, ಬೆಳ್ಳುಳ್ಳಿ ಹಾಕುವುದಿಲ್ಲ. ಸಾನ್ಶೋ ಜಜ್ಜಿ ಹಾಕಿ, ಕೊನೆಗೆ ಇವಾಶಿ ಬಿಟ್ಟು, ಸೌಟು ತಾಗಿಸದೆ ಪಾತ್ರೆಯನ್ನೇ ಹಿಡಿದು ಅಲ್ಲಾಡಿಸುತ್ತೇನೆ. ಐದಾರು ನಿಮಿಷಕ್ಕೆ ಬೆಂದಿರುತ್ತದೆ.