ಮಧ್ಯಮಿದುಳಿನ ಶ್ರವಣ ನರಕೋಶದ ದಾಖಲೆಯನ್ನು ಓದುವ ಕ್ರಮ

ಬಳ್ಳಾರಿಯ ಹೊರಗಿನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಿನದಿಸುವ ಡಾಲರೈಟ್ ಬಂಡೆಗಳಿವೆ. ಆ ನಾದದಲ್ಲಿ ಬಡಿತದ ಕ್ಷಣ, ಎಳೆದುಕೊಂಡು ಹೋಗುವ ಗುಂಗು, ಅದು ಅಡಗುವ ಕ್ಷಣ ಎಂಬ ಮೂರು ಘಟ್ಟಗಳನ್ನು ಕಿವಿಗೊಟ್ಟರೆ ಗುರುತಿಸಬಹುದು. ಸಸ್ತನಿಗಳ ಮಧ್ಯಮಿದುಳಿನ ನರಕೋಶಗಳಲ್ಲಿ ಕೆಲವು ಮೊದಲನೆಯದನ್ನು, ಕೆಲವು ಎರಡನೆಯದನ್ನು, ಇನ್ನು ಕೆಲವು ಮೂರನೆಯದನ್ನು ಮಾತ್ರ ಹಿಡಿಯುತ್ತವೆ. ಆದರೂ ಪದವಿ ತರಗತಿಯ ವಿದ್ಯಾರ್ಥಿಗಳು ನರಕೋಶದ ವಿದ್ಯುತ್ ಚಟುವಟಿಕೆಯ ದಾಖಲೆಯ ಚಿತ್ರವನ್ನು ನೋಡಿ ‘ಈ ಕೋಶ ಇಂಥ ಆವೃತ್ತಿಗೆ ಪ್ರತಿಕ್ರಿಯಿಸುತ್ತದೆ’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಯಾವ ಆವೃತ್ತಿಗೆ ಎಂಬುದರಷ್ಟೇ ಯಾವ ಗಳಿಗೆಯಲ್ಲಿ ಎಂಬುದೂ ಮುಖ್ಯ ಎಂದು ತಿಳಿದು ಓದಬೇಕು.

ಮೊದಲು ಸ್ಥಳವನ್ನು ಖಚಿತಪಡಿಸಿಕೊಳ್ಳಿ. ಒಳಕಿವಿಯ ಸುರುಳಿಯಾದ ಕಾಕ್ಲಿಯದಿಂದ ಹೊರಟ ಸಂಕೇತಗಳು ಮಿದುಳ ಕಾಂಡದ ಹಲವು ಕೇಂದ್ರಗಳಲ್ಲಿ ಕವಲೊಡೆದು, ಬಹುಪಾಲು ಮತ್ತೆ ಮಧ್ಯಮಿದುಳಿನ ಶ್ರವಣ ಕೇಂದ್ರವಾದ ಕೆಳ ಕಾಲಿಕ್ಯುಲಸ್‌ನಲ್ಲಿ ಕೂಡುತ್ತವೆ. ಅದರ ನಡುಭಾಗವು ಪದರಪದರವಾಗಿದ್ದು, ತಗ್ಗು ಆವೃತ್ತಿಗಳು ಮೇಲಿನ ಹೊರಬದಿಯಲ್ಲಿ, ಹೆಚ್ಚಿನ ಆವೃತ್ತಿಗಳು ಕೆಳಗಿನ ಒಳಬದಿಯಲ್ಲಿ ನೆಲೆಗೊಂಡಿರುತ್ತವೆ. ಮೇಲಿನಿಂದ ಇಳಿಸಿದ ಎಲೆಕ್ಟ್ರೋಡ್ ಆಳಕ್ಕೆ ಹೋದಂತೆ ಕೋಶಗಳ ಮೆಚ್ಚಿನ ಆವೃತ್ತಿ ಏರುತ್ತಾ ಹೋಗದಿದ್ದರೆ, ಅದು ನಡುಭಾಗದಲ್ಲಿಯೇ ಇದೆಯೇ ಎಂದು ಶಂಕಿಸಬೇಕು.

ನಂತರ ಶ್ರುತಿರೇಖೆ. ಅಡ್ಡಕ್ಕೆ ಆವೃತ್ತಿಯನ್ನೂ ಉದ್ದಕ್ಕೆ ಡೆಸಿಬೆಲ್ಲನ್ನೂ ಇಟ್ಟು, ಕೋಶವನ್ನು ಎಚ್ಚರಿಸಲು ಸಾಕಾಗುವ ಅತಿ ಕಡಿಮೆ ಮಟ್ಟವನ್ನು ಪ್ರತಿಯೊಂದು ಆವೃತ್ತಿಗೂ ಗುರುತಿಸಿದರೆ ಸಾಮಾನ್ಯವಾಗಿ ಒಂದು ಕಣಿವೆ ಮೂಡುತ್ತದೆ. ಕಣಿವೆಯ ತಳವೇ ಆ ಕೋಶದ ವಿಶಿಷ್ಟ ಆವೃತ್ತಿ. ತಳದಿಂದ 10 ಡೆಸಿಬೆಲ್ ಮೇಲೆ ಕಣಿವೆಯ ಅಗಲವನ್ನು ಅಳೆದು, ವಿಶಿಷ್ಟ ಆವೃತ್ತಿಯನ್ನು ಆ ಅಗಲದಿಂದ ಭಾಗಿಸಿ. ತಳ 4000 ಹರ್ಟ್ಸ್, ಅಗಲ 800 ಹರ್ಟ್ಸ್ ಎಂದಾದರೆ ಉತ್ತರ 5; ಈ ಸಂಖ್ಯೆ ದೊಡ್ಡದಾದಷ್ಟೂ ಕೋಶದ ಆಯ್ಕೆ ಕಟ್ಟುನಿಟ್ಟು. ಎಲ್ಲ ರೇಖೆಗಳೂ ಕಣಿವೆಯಂತೆ ಬಾಯಿ ತೆರೆದುಕೊಂಡಿರುವುದಿಲ್ಲ. ಶಬ್ದ ಜೋರಾದರೂ ಅಗಲವಾಗದೆ ಕಂಬದಂತೆ ನಿಂತವು ಇವೆ. ಮೆಲುದನಿಗೆ ಎಚ್ಚೆತ್ತು ಜೋರು ದನಿಗೆ ಸುಮ್ಮನಾಗುವ, ದ್ವೀಪದಂತೆ ಮುಚ್ಚಿಕೊಂಡವೂ ಇವೆ. ಇದಕ್ಕೆ ಕೋಶದ ದೌರ್ಬಲ್ಯ ಕಾರಣವಲ್ಲ, ಅಕ್ಕಪಕ್ಕದ ಆವೃತ್ತಿಗಳಿಂದ ಬರುವ ಪ್ರತಿಬಂಧ, ಅಂದರೆ ಕೋಶವನ್ನು ಸುಮ್ಮನಾಗಿಸುವ ಸಂಕೇತ, ಕಾರಣ. ಪ್ರತಿಬಂಧ ಉಂಟುಮಾಡುವ ನರವಾಹಕವಾದ ಗಾಬಾದ ಗ್ರಾಹಕಗಳನ್ನು ತಡೆಯುವ ಬೈಕ್ಯುಕ್ಯುಲಿನ್ ಎಂಬ ವಸ್ತುವನ್ನು ಕೋಶದ ಬಳಿ ಹಾಯಿಸಿದಾಗ ಅನೇಕ ಕೋಶಗಳ ರೇಖೆ ಅಗಲವಾಗುವುದು ಇದಕ್ಕೆ ಪುರಾವೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಚುಕ್ಕಿಚಿತ್ರಕ್ಕೆ. ಒಂದೇ ಸ್ವರವನ್ನು ಹಲವು ಸಲ ನುಡಿಸಿ, ಒಂದೊಂದು ಸಲಕ್ಕೂ ಒಂದೊಂದು ಸಾಲಿನಂತೆ, ಕೋಶ ಸಿಡಿದ, ಅಂದರೆ ವಿದ್ಯುತ್ ಮಿಡಿತ ಹೊರಡಿಸಿದ, ಪ್ರತಿ ಕ್ಷಣಕ್ಕೂ ಒಂದು ಚುಕ್ಕಿ ಇಟ್ಟಿರುತ್ತಾರೆ. ಗ್ರಾಫ್ ಹಾಳೆಯ ಮೇಲೆ ಕಾಲವನ್ನು 5 ಮಿಲಿಸೆಕೆಂಡುಗಳ ಮನೆಗಳಾಗಿ ಹಂಚಿ, ಪ್ರತಿ ಮನೆಯ ಕೆಳಗೆ ಎಲ್ಲ ಸಾಲುಗಳ ಚುಕ್ಕಿಗಳನ್ನು ಕೂಡಿಸಿ ಸ್ತಂಭ ಎಳೆಯಿರಿ. 20 ಸಾಲುಗಳಿದ್ದು ಒಂದು ಮನೆಯಲ್ಲಿ 30 ಚುಕ್ಕಿಗಳು ಬಿದ್ದಿದ್ದರೆ, 30ನ್ನು 20 ಮತ್ತು 0.005ರ ಗುಣಲಬ್ಧವಾದ 0.1ರಿಂದ ಭಾಗಿಸಿದಾಗ ಸೆಕೆಂಡಿಗೆ 300 ಎಂಬ ದರ ಸಿಗುತ್ತದೆ. ವಿದ್ಯಾರ್ಥಿಗಳು ಸಾಲುಗಳ ಸಂಖ್ಯೆಯಿಂದ ಭಾಗಿಸುವುದನ್ನು ಮರೆತು 6000 ಎಂದು ಬರೆಯುವುದುಂಟು; ಒಂದು ಸಿಡಿತಕ್ಕೇ ಸುಮಾರು 1 ಮಿಲಿಸೆಕೆಂಡು ಹಿಡಿಯುವಾಗ ಅಂಥ ದರ ಅಸಾಧ್ಯ.

ಸ್ತಂಭಗಳ ಆಕಾರವನ್ನು ಈಗ ಓದಿ. ಸ್ವರದ ಆರಂಭದಲ್ಲಿ ಮಾತ್ರ ಒಂದು ಎತ್ತರದ ಸ್ತಂಭ ಎದ್ದು ಉಳಿದದ್ದೆಲ್ಲ ಬರಿದಾಗಿದ್ದರೆ ಅದು ಆರಂಭಕೋಶ. ಸ್ವರ ಇರುವವರೆಗೂ ಸ್ತಂಭಗಳಿದ್ದರೆ ಅದು ಸತತಕೋಶ. ಮೊದಲು ಎದ್ದು, ಬಿಡುವು ಕೊಟ್ಟು, ಮತ್ತೆ ಮೆಲ್ಲಗೆ ಏರುವ ಕೋಶಗಳೂ, ಸ್ವರ ನಿಂತ ಮೇಲಷ್ಟೇ ಸಿಡಿಯುವ ಅಂತ್ಯಕೋಶಗಳೂ ಇವೆ. ಕೊನೆಯ ಬಗೆಯನ್ನು ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆಯುವುದೇ ಅತ್ಯಂತ ಸಾಮಾನ್ಯ ತಪ್ಪು, ಏಕೆಂದರೆ ಕಣ್ಣು ಸ್ವರದ ಗಡಿಯಾಚೆಗೆ ಹೋಗಿರುವುದಿಲ್ಲ. ಬಾವಲಿಗಳಲ್ಲಿಯಂತೂ ಸ್ವರ ಇಂತಿಷ್ಟೇ ಮಿಲಿಸೆಕೆಂಡು ಇದ್ದರೆ ಮಾತ್ರ ಎಚ್ಚೆತ್ತು, ಅದಕ್ಕಿಂತ ಗಿಡ್ಡವಾದುದಕ್ಕೂ ಉದ್ದವಾದುದಕ್ಕೂ ಮೌನವಾಗಿರುವ ಕೋಶಗಳು ದೊರೆತಿವೆ.

ಚಿತ್ರದ ಕೆಳಗಿನ ಸಣ್ಣಕ್ಷರವನ್ನು ಬಿಡಬಾರದು. ಪ್ರಾಣಿ ಯಾವುದು, ಅದಕ್ಕೆ ಅರಿವಳಿಕೆ ಕೊಟ್ಟಿತ್ತೇ, ಶಬ್ದ ಒಂದೇ ಕಿವಿಗೋ ಎರಡಕ್ಕೋ, ಎರಡು ಸ್ವರಗಳ ನಡುವೆ ಎಷ್ಟು ಬಿಡುವಿತ್ತು ಎಂಬುದನ್ನು ಬರೆದುಕೊಳ್ಳಿ. ಅರಿವಳಿಕೆ ಪ್ರತಿಬಂಧವನ್ನು ಬದಲಿಸಬಲ್ಲದು. ಬಿಡುವು ಕಡಿಮೆಯಾದರೆ, ಪದೇಪದೇ ಬರುವ ಸ್ವರಕ್ಕೆ ಮಂಕಾಗಿ ಅಪರೂಪಕ್ಕೆ ಬರುವ ಸ್ವರಕ್ಕೆ ಮಾತ್ರ ಚುರುಕಾಗುವ ಕೋಶಗಳು ನಿಮ್ಮ ಎಣಿಕೆಯನ್ನು ಕೆಡಿಸುತ್ತವೆ.

ಅಭ್ಯಾಸಕ್ಕಾಗಿ ಕಪ್ಪಗಲ್ಲಿನ ಬಂಡೆಯ ಒಂದೇ ಬಡಿತವನ್ನು ಊಹಿಸಿಕೊಂಡು, ಆರಂಭಕೋಶ, ಸತತಕೋಶ, ಅಂತ್ಯಕೋಶ ಮೂರರ ಚುಕ್ಕಿಚಿತ್ರಗಳನ್ನೂ ಒಂದರ ಕೆಳಗೊಂದು ಬರೆಯಿರಿ. (ಅಲ್ಲಿ ಪ್ರಾಚೀನ ಶಿಲಾಚಿತ್ರಗಳಿವೆ, ನಿಜವಾಗಿ ಬಡಿಯಲು ಹೋಗಬೇಡಿ.) ಬಂಡೆಯ ನಾದ ಥಟ್ಟನೆ ನಿಲ್ಲದೆ ಕರಗುವುದರಿಂದ, ಮೂರನೆಯ ಕೋಶದ ಚುಕ್ಕಿಗಳನ್ನು ಎಲ್ಲಿ ಇಡಬೇಕೆಂದು ನಿರ್ಧರಿಸುವಾಗ ಪೆನ್ಸಿಲ್ ತಡವರಿಸುತ್ತದೆ. ಆ ನಿರ್ಧಾರಕ್ಕೆ ನೀವು ಕೊಡುವ ಕಾರಣವನ್ನು ಚಿತ್ರದ ಪಕ್ಕದಲ್ಲಿಯೇ ಒಂದು ವಾಕ್ಯದಲ್ಲಿ ಬರೆದಿಡಿ.