ಡಬ್ಬದ ಮೇಲೆ 2000 ವಾಟ್, ಒಳಗೆಷ್ಟು?

ಮೈಸೂರು, ಮಂಡ್ಯದ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ‘2000 ವಾಟ್’ ಎಂದು ದಪ್ಪಕ್ಷರದಲ್ಲಿ ಬರೆದ ಆಂಪ್ಲಿಫೈಯರ್ ಕೈಗೆ ಕೊಟ್ಟರೆ ತಿರುಗಿಸಿ ಅದರ ಫ್ಯೂಸ್ ನೋಡಿ. 30 ಆಂಪಿಯರ್‌ನ ಒಂದೇ ಫ್ಯೂಸ್ ಇದೆಯೇ? ಎಂಜಿನ್ ಓಡುವಾಗ ಸಿಗುವ 14.4 ವೋಲ್ಟ್‌ನಿಂದ 30ನ್ನು ಗುಣಿಸಿದರೆ 432 ವಾಟ್. ನಿರಂತರವಾಗಿ ಒಳಗೆ ಹೋಗುವುದೇ ಇಷ್ಟು. ಇದರಲ್ಲಿ ಕಡಿಮೆ ಬಿಸಿಯಾಗುವ ಕ್ಲಾಸ್-ಡಿ ವಿನ್ಯಾಸದ ಆಂಪ್ ಸುಮಾರು ಶೇ 80ರಷ್ಟನ್ನು, ಅಂದರೆ 345 ವಾಟ್ ಸ್ಪೀಕರ್‌ಗೆ ದಾಟಿಸುತ್ತದೆ. ಹಳೆಯ ವಿನ್ಯಾಸದ ಕ್ಲಾಸ್-ಎಬಿ ಆದರೆ 250 ದಾಟುವುದು ಕಷ್ಟ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಪವರ್ ಎಂಬ ಉಬ್ಬಿಸಿದ ಅಂಕಿ) ಲೇಬಲ್ ಅಂಟಿಸಿಕೊಂಡಿದ್ದ ಟೂ-ಇನ್-ಒನ್‌ಗಳನ್ನು ನೋಡಿದವರಿಗೆ ಈ ಆಟ ಹೊಸದೇನಲ್ಲ.

ಅಂಗಡಿಯಲ್ಲಿ ವಾಟ್ ಉಬ್ಬಿಸಿದರೆ, ಸ್ಪರ್ಧೆಯಲ್ಲಿ ಅದನ್ನೇ ಕುಗ್ಗಿಸುತ್ತಿದ್ದರು. ಅಮೆರಿಕದಲ್ಲಿ 1980-90ರ ದಶಕದ ಕಾರ್ ಸೌಂಡ್ ಸ್ಪರ್ಧೆಗಳಲ್ಲಿ ಕಂಪನಿ ಘೋಷಿಸಿದ ವಾಟ್ ನೋಡಿ ಕಾರುಗಳನ್ನು ವರ್ಗಕ್ಕೆ ಹಾಕುತ್ತಿದ್ದರು. ಕಂಪನಿಗಳು 4 ಓಂ ಲೋಡ್ (ಆಂಪ್‌ಗೆ ಕಟ್ಟುವ ಸ್ಪೀಕರಿನ ತಡೆ; ಓಂ ಇಳಿದಷ್ಟೂ ಪವರ್ ಏರುತ್ತದೆ), 12 ವೋಲ್ಟ್‌ನಲ್ಲಿ ಅಳೆದ ಚಿಕ್ಕ ಅಂಕಿಯನ್ನು ಬರೆದುಕೊಟ್ಟವು. ಸ್ಪರ್ಧಿ ಅದೇ ಆಂಪ್‌ಗೆ 1 ಓಂ, ಅರ್ಧ ಓಂ ಲೋಡ್ ಕಟ್ಟಿ ಹಲವು ಪಟ್ಟು ಪವರ್ ತೆಗೆಯುತ್ತಿದ್ದ. ಅವಕ್ಕೆ ‘ಚೀಟರ್ ಆಂಪ್’ ಎಂದೇ ಹೆಸರಾಯಿತು. ನಿಯಮದ ಪ್ರಕಾರ ಅವು ಸುಳ್ಳು ಹೇಳಿರಲಿಲ್ಲ ಅನ್ನುವುದೇ ತಮಾಷೆ.

ವೋಲ್ಟ್, ಓಂ, ಡಿಸ್ಟಾರ್ಷನ್ (ಸದ್ದಿನ ವಿರೂಪ) ಮೂರನ್ನೂ ಹೇಳದ ವಾಟ್‌ಗೆ ಬೆಲೆಯಿಲ್ಲ. 2003ರಲ್ಲಿ ಬಂದ, ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘದ ಸಿಇಎ-2006 ಮಾನದಂಡ ಇವನ್ನೇ ಕಟ್ಟಿಹಾಕಿತು: 14.4 ವೋಲ್ಟ್, 4 ಓಂ, ಡಿಸ್ಟಾರ್ಷನ್ ಮತ್ತು ನಾಯ್ಸ್ ಸೇರಿ ಶೇ 1ರೊಳಗೆ, ಆರ್‌ಎಂಎಸ್ (ನಿರಂತರ ಪವರ್‌ನ) ಲೆಕ್ಕ. ಆ ಮುದ್ರೆ ಇಲ್ಲದ ಆಂಪ್ ನಿಮ್ಮಲ್ಲಿದ್ದರೆ ಇದೇ ಅಳತೆಗೆ ಹತ್ತಿರದ್ದನ್ನು ನೀವೇ ಮಾಡಬಹುದು.

ಬೇಕಾದವು

ಟ್ರೂ ಆರ್‌ಎಂಎಸ್ ಮಲ್ಟಿಮೀಟರ್, ಬ್ಯಾಟರಿಯಲ್ಲಿ ನಡೆಯುವ ಕೈ ಆಸಿಲೋಸ್ಕೋಪ್ (ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ), ಮತ್ತು ಅಲ್ಯೂಮಿನಿಯಂ ಕವಚದ 4 ಓಂ, 100 ವಾಟ್ ರೆಸಿಸ್ಟರ್ ನಾಲ್ಕು. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿ. ಎರಡೆರಡನ್ನು ಸೀರೀಸ್‌ನಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಪ್ಯಾರಲೆಲ್ ಮಾಡಿದರೆ ಮತ್ತೆ 4 ಓಂ, ಆದರೆ ಈಗ 400 ವಾಟ್ ತಡೆಯುತ್ತದೆ. ಹೀಟ್‌ಸಿಂಕ್ ಪೇಸ್ಟ್ ಸವರಿ ದಪ್ಪ ಅಲ್ಯೂಮಿನಿಯಂ ಪ್ಲೇಟ್‌ಗೆ ಬೋಲ್ಟ್ ಮಾಡಿ. ಬರಿದೇ ಬಿಟ್ಟರೆ ಬರೆದ ವಾಟನ್ನು ಅವು ತಾಳುವುದಿಲ್ಲ. ಸ್ಪೀಕರ್ ಬದಲು ರೆಸಿಸ್ಟರ್ ಇರುವುದರಿಂದ ಸದ್ದೇ ಇಲ್ಲ, ಕುವೆಂಪುನಗರದ ಮನೆಯಂಗಳದಲ್ಲೂ ನಿಶ್ಚಿಂತೆಯಾಗಿ ಅಳೆಯಬಹುದು.

ಅಳೆಯುವ ಕ್ರಮ

ಎಂಜಿನ್ ಓಡುತ್ತಿರಬೇಕು, ಆದ್ದರಿಂದ ಕಾರು ಬಯಲಲ್ಲಿರಲಿ. ಮುಚ್ಚಿದ ಶೆಡ್‌ನಲ್ಲಿ ಹೊಗೆ ಪ್ರಾಣಕ್ಕೆ ಕುತ್ತು. ವೋಲ್ಟೇಜನ್ನು ಬ್ಯಾಟರಿಯಲ್ಲಲ್ಲ, ಆಂಪ್‌ನ ಟರ್ಮಿನಲ್‌ನಲ್ಲೇ ನೋಡಿ, ಅದೂ ಲೋಡ್ ಬಿದ್ದಾಗ. ಬ್ಯಾಟರಿಯಲ್ಲಿ 14.2 ಇದ್ದು ಆಂಪ್‌ನಲ್ಲಿ 12.6 ಬಂದರೆ ತಪ್ಪು ವೈರಿಂಗ್‌ನದು. ಸಾಮಾನ್ಯ ಕಾರಣ ಎರಡು. ಒಂದು, ಬಣ್ಣ ಕೆರೆಯದೆ ಬಾಡಿಗೆ ಕೊಟ್ಟ ಅರ್ತ್. ಇನ್ನೊಂದು, ತಾಮ್ರವೆಂದು ಮಾರಿದ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್. ಬ್ಲೇಡಿನಿಂದ ಒಂದು ಎಳೆ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಗೊತ್ತಾಗುತ್ತದೆ. ಒಳಗಿನ ವೋಲ್ಟೇಜನ್ನು ಸ್ಥಿರವಾಗಿಡುವ ನಿಯಂತ್ರಿತ ಸಪ್ಲೈ ಇಲ್ಲದ ಆಂಪ್‌ನಲ್ಲಿ ಪವರ್ ವೋಲ್ಟೇಜಿನ ವರ್ಗದಂತೆ (ಸ್ಕ್ವೇರ್) ಇಳಿಯುತ್ತದೆ. 14.4ರಿಂದ 12.6ಕ್ಕೆ ಬಿದ್ದರೆ ಸುಮಾರು ಶೇ 23 ಹೋಯಿತು.

ಈಗ ಡೆಕ್‌ನಲ್ಲಿ (ಕಾರಿನ ಸ್ಟೀರಿಯೊ) ಬೇಸ್ ಬೂಸ್ಟ್, ಲೌಡ್‌ನೆಸ್ ಆಫ್ ಮಾಡಿ, ಈಕ್ವಲೈಸರನ್ನು ಫ್ಲ್ಯಾಟ್ ಮಾಡಿ. ಪೂರ್ಣ ಮಟ್ಟದಲ್ಲಿ ರೆಕಾರ್ಡ್ ಆದ 50 ಹರ್ಟ್ಸ್ ಸೈನ್ ಟೋನ್ ಹಾಕಿ. ಊಫರ್ ಆಂಪ್‌ಗೆ ಇದೇ ಸರಿ. ಜೊತೆಗೆ, ಅಗ್ಗದ ಮೀಟರ್‌ಗಳು ಮನೆ ಕರೆಂಟಿನ ಈ ಫ್ರೀಕ್ವೆನ್ಸಿಯಲ್ಲಿ ನಂಬಿಕಸ್ತವಾಗಿರುತ್ತವೆ. 1000 ಹರ್ಟ್ಸ್‌ನಲ್ಲಿ ಹಲವು ತಪ್ಪು ತೋರಿಸುತ್ತವೆ. ಡೆಕ್‌ನ ಔಟ್‌ಪುಟ್ಟನ್ನು ಮೊದಲೇ ಸ್ಕೋಪ್‌ನಲ್ಲಿ ನೋಡಿಕೊಳ್ಳಿ. ಕೆಲವು ಡೆಕ್‌ಗಳು ವಾಲ್ಯೂಮ್ ಮುಕ್ಕಾಲು ದಾಟಿದರೆ ತಾವೇ ಕ್ಲಿಪ್ ಆಗುತ್ತವೆ, ಅಂದರೆ ಅಲೆಯ ತುದಿ ಕತ್ತರಿಸಿದಂತಾಗುತ್ತದೆ.

ರೆಸಿಸ್ಟರನ್ನು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಕೊಟ್ಟು, ಗೇನ್ (ಆಂಪ್‌ನ ಮಟ್ಟ ಹೊಂದಿಸುವ ತಿರುಪು) ಮೆಲ್ಲಗೆ ಏರಿಸಿ. ಸ್ಕೋಪ್‌ನಲ್ಲಿ ಅಲೆಯ ತುದಿ ಚಪ್ಪಟೆಯಾಗಲು ಶುರುವಾದೊಡನೆ ತುಸು ಹಿಂದಕ್ಕೆ ತಿರುಗಿಸಿ. ಕಣ್ಣಿಗೆ ಕ್ಲಿಪ್ಪಿಂಗ್ ಕಾಣುವ ಹೊತ್ತಿಗೆ ಡಿಸ್ಟಾರ್ಷನ್ ಶೇ 1 ದಾಟಿರುತ್ತದೆ. ಶೇ 10ರವರೆಗೆ ತಳ್ಳಿ ಅಳೆದವರು ಸುಮಾರು ಕಾಲುಭಾಗ ಹೆಚ್ಚು ವಾಟ್ ಬರೆದುಕೊಳ್ಳುತ್ತಾರೆ. ಬ್ರಿಡ್ಜ್ ಮಾಡಿದ (ಎರಡು ಚಾನಲ್ ಸೇರಿಸಿ ಒಂದಾಗಿಸಿದ) ಔಟ್‌ಪುಟ್‌ನ ಎರಡೂ ತುದಿಗಳು ಲೈವ್ ಇರುತ್ತವೆ, ಹಲವು ಕ್ಲಾಸ್-ಡಿ ಮಾನೋ ಆಂಪ್‌ಗಳಲ್ಲೂ ಹಾಗೆಯೇ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ಪಿಗೆ ಬಾಡಿಯ ಸಂಪರ್ಕ ಬಂದರೆ ಆಂಪ್ ಸುಟ್ಟೀತು. ಬ್ಯಾಟರಿ ಸ್ಕೋಪ್ ಹೇಳಿದ್ದು ಅದಕ್ಕೇ.

ಟೋನನ್ನು ಹತ್ತು ಸೆಕೆಂಡ್ ಮೀರಿ ಓಡಿಸಬೇಡಿ. ಮಲ್ಟಿಮೀಟರ್ ಎಸಿ ವೋಲ್ಟ್‌ನಲ್ಲಿ 36 ತೋರಿಸಿತು ಅನ್ನಿ. 36ರ ವರ್ಗ 1296, ಅದನ್ನು 4ರಿಂದ ಭಾಗಿಸಿ: 324 ವಾಟ್. ಫ್ಯೂಸ್ ಲೆಕ್ಕದ 345ಕ್ಕೆ ಹತ್ತಿರ. ಇದನ್ನು ‘ಪೀಕ್’ ಎಂದು ಬರೆದರೆ ನೇರ ಇಮ್ಮಡಿ, 648. ಡಬ್ಬದ ಮೇಲೆ 2000 ಬರಲು ಅದೂ ಸಾಲದು.

2 ಓಂಗೆ ಅಳೆಯುವುದಿದ್ದರೆ ನಾಲ್ಕರಲ್ಲಿ ಎರಡನ್ನಷ್ಟೇ ಪ್ಯಾರಲೆಲ್ ಮಾಡಿ. ಆಗ ತಡೆಯುವುದು 200 ವಾಟ್ ಮಾತ್ರ, ಐದು ಸೆಕೆಂಡ್‌ಗೆ ನಿಲ್ಲಿಸಿ. ಪವರ್ ಇಮ್ಮಡಿಯಾಗಬೇಕೆಂಬ ಲೆಕ್ಕ ನಿಜಕ್ಕೆ ಬರುವುದು ಅಪರೂಪ, ವೋಲ್ಟೇಜ್ ಕುಸಿಯುತ್ತದೆ.

ಬಾಕ್ಸ್ ಕಟ್ಟಿದ ಮೇಲೆ

ನಿಜವಾದ ಊಫರ್ ಬಾಕ್ಸ್‌ನಲ್ಲಿ ಕೂತಾಗ 4 ಓಂ ಆಗಿ ಉಳಿಯುವುದಿಲ್ಲ. ಕೆಲವು ಫ್ರೀಕ್ವೆನ್ಸಿಗಳಲ್ಲಿ ಎರಡು ಪಟ್ಟು, ಅದಕ್ಕೂ ಮೇಲೆ ಏರುತ್ತದೆ, ಅಷ್ಟರಮಟ್ಟಿಗೆ ಪವರ್ ಇಳಿಯುತ್ತದೆ. ಸ್ಪೀಕರ್‌ನ ಒಂದು ವೈರಿಗೆ ಮಾತ್ರ ಎಸಿ ಕ್ಲಾಂಪ್ ಮೀಟರ್ ಹಾಕಿ, ಅದೇ ಕ್ಷಣದ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ. 30 ವೋಲ್ಟ್, 4 ಆಂಪಿಯರ್ ಬಂದರೆ 120, ನಿಜವಾದ ವಾಟ್ ಇದಕ್ಕಿಂತ ತುಸು ಕಡಿಮೆಯೇ, ಏಕೆಂದರೆ ಕಾಯಿಲ್‌ನಲ್ಲಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ಏರಿಳಿಯುವುದಿಲ್ಲ. ಇದನ್ನು ರೆಸಿಸ್ಟರ್‌ನಲ್ಲಿ ಬಂದ 324ರ ಪಕ್ಕ ಇಟ್ಟು ಆಂಪ್ ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸಲು ಓಡಬೇಡಿ. ಟೋನ್ ಬದಲಿಸಿ 35, 40, 45 ಹರ್ಟ್ಸ್‌ನಲ್ಲೂ ನೋಡಿ, ಅಂಕಿ ಏರಿಳಿಯುತ್ತದೆ. ಹತ್ತು ವಾಟ್‌ನ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳುವುದು ಬೇಡ: ಪವರ್ ಇಮ್ಮಡಿಯಾದರೂ ಮೀಟರಿನಲ್ಲಿ ಸದ್ದು ಏರುವುದು 3 ಡೆಸಿಬೆಲ್.